ರಾಯರ ಒಂದೇ ಔಷಧ

ಖಾನಾಪುರದಲ್ಲಿ ವಧೂವರರ ಜಾತಕ ಕೂಡಿಸುವ ಅವಧೂತರಾಯರ ಪ್ರಕಾರ ಮದುವೆಯಿಂದ ವಾಸಿಯಾಗದ ಕಾಯಿಲೆ ಈ ಲೋಕದಲ್ಲಿಲ್ಲ. ಕುಡಿತ, ಸೋಮಾರಿತನ, ಮೂರ್ಛೆರೋಗಗಳಿದ್ದ ಆ ಪಟ್ಟಿಗೆ ಕೆಲವು ವರ್ಷಗಳಿಂದ ಗಂಡಸು ಗಂಡಸನ್ನು ಪ್ರೀತಿಸುವುದೂ ಸೇರಿದೆ. ಬೆಳಗಾವಿ ಬಸ್ಸು ಹತ್ತಿದರೆ ಸಾಕು, ಪಕ್ಕದ ಸೀಟಿನವರು ಇಳಿಯುವುದರೊಳಗೆ "ಅದು ಘೋರ ಪಾಪ ಅಂತ ಶಾಸ್ತ್ರದಾಗ ಅದ ರೀ" ಎಂದು ಬೋಧಿಸಿರುತ್ತಾರೆ. ಯಾವ ಶಾಸ್ತ್ರ ಎಂದು ಖಾನಾಪುರದಲ್ಲಿ ಕೇಳಿದರೆ ಪುಸ್ತಕ ಬೆಳಗಾವಿಯಲ್ಲಿರುತ್ತದೆ, ಬೆಳಗಾವಿಯಲ್ಲಿ ಕೇಳಿದರೆ ಖಾನಾಪುರದಲ್ಲಿ. ಕಾಲೇಜಿನಲ್ಲಿ ಪಾಠ ಹೇಳುವ ತಂಗಿಯ ಮಗಳು ವರದಾ, "ಮಾಮಾ, ಯಾರಿಗೂ ಕೇಡು ಮಾಡದ ಪ್ರೀತಿ ಪಾಪ ಹೆಂಗ ಆಗ್ತದ?" ಎಂದರೆ, "ದೇವರಿಗಿಂತ ನೀ ಶಾಣ್ಯಾಕಿ ಏನು?" ಎಂದು ನಶ್ಯ ಏರಿಸುತ್ತಾರೆ. ಮಗನ ಗುಟ್ಟು ಹೇಳಿಕೊಂಡು ಕಣ್ಣೊರೆಸುವ ತಾಯಂದಿರಿಗೆ ಅವರ ಔಷಧ ಒಂದೇ: "ಮದುವಿ ಮಾಡ್ರಿ, ಮೂರು ತಿಂಗಳದಾಗ ಎಲ್ಲಾ ಸರಿ ಹೋಗ್ತದ." ಈ ಔಷಧದ ಮೇಲೆ ರಾಯರಿಗೆ ಎಷ್ಟು ನಂಬಿಕೆಯೆಂದರೆ, ಗುಟ್ಟು ಗೊತ್ತಿದ್ದೂ ಅಂಥ ಒಬ್ಬ ವರನಿಗೆ, ಮೂವತ್ತಾರರಲ್ಲಿ ಮೂವತ್ತೆರಡು ಗುಣ ಕೂಡಿದವೆಂದು, ಮಗಳು ಅಲಕಾಳನ್ನೇ ಧಾರೆ ಎರೆದು ಕೊಟ್ಟರು. ಅವಳಿಗೆ ಮಾತ್ರ ಏನೂ ಹೇಳಿರಲಿಲ್ಲ. ಅವಳು ತವರಿಗೆ ಮರಳಿ ನಾಲ್ಕು ವರ್ಷವಾಯಿತು; "ಅಳಿಯಂದು ಟ್ರಾನ್ಸ್‌ಫರ್ ಆಗೇದ, ಅಲ್ಲಿ ಮನಿ ಸಿಗವಲ್ದು" ಎಂದು ರಾಯರು ಇಂದಿಗೂ ಹೇಳುತ್ತಾರೆ. ಬಂದ ತಾಯಂದಿರಿಗೆ ನೀರು ತಂದು ಕೊಡುವವಳು ಅವಳೇ. ಕೊಟ್ಟು, ಅಪ್ಪನ ಮುಖ ನೋಡದೆ, ಒಂದೇ ಮಾತು ಕೇಳುತ್ತಾಳೆ: "ಹುಡುಗಿಗೂ ಇದನ್ನ ಹೇಳ್ತೀರೇನ್ರಿ?"