ನಿದ್ದೆಯ ಪೆಪ್ಟೈಡ್ ಮತ್ತು ಮಧ್ವರಾಜ ಮೇಷ್ಟ್ರು

ಮಣಿಪಾಲದಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುವ ಮಧ್ವರಾಜ ಮೇಷ್ಟ್ರು ಯಾವುದಕ್ಕೂ ಅವಸರದಲ್ಲಿ ‘ಹೌದು’ ಎಂದವರಲ್ಲ. ‘ಮಳೆ ಬರ್ತದಾ ಸರ್?’ ಎಂದರೆ ‘ಲಕ್ಷಣ ಉಂಟು, ಪುರಾವೆ ಸಾಲದು’ ಎನ್ನುತ್ತಲೇ ಕೊಡೆ ಬಿಡಿಸುತ್ತಾರೆ. ಮೊಲದ ರಕ್ತದಲ್ಲಿ ನಿದ್ದೆ ತರಿಸುವ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕು ಸಿಕ್ಕಿತೆಂಬ ಸುದ್ದಿ ಬಂದ ಮೇಲೆ ಅಲೆವೂರಿನ ಬಸ್ಸಿನಲ್ಲೂ ಜನ ‘ಅದರಿಂದ ನಿದ್ದೆಗೆ ಮದ್ದು ಬರ್ತದಾ ಸರ್?’ ಎಂದೇ ಕೇಳುತ್ತಾರೆ. ‘ಮೊಲ ಮಲಗಿದ್ದು ಹೌದಂತೆ, ಮನುಷ್ಯರಲ್ಲಿ ಒಂದು ಪ್ರಯೋಗ ಫಲ ಉಂಟು ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ’ ಎಂದು ಮೇಷ್ಟ್ರು ಪ್ರತಿಯೊಬ್ಬರಿಗೂ ಮೊದಲಿನಿಂದ ವಿವರಿಸುತ್ತಾರೆ. ತಾಯಿ ತೀರಿಕೊಂಡಂದಿನಿಂದ ನಿದ್ದೆ ಕಳೆದುಕೊಂಡಿದ್ದ ಹೆಂಡತಿ ಸುಭಾಷಿಣಿ ಒಮ್ಮೆ, ‘ಸುಳ್ಳಾದರೂ ಅಡ್ಡಿಯಿಲ್ಲ ಮಾರಾಯ್ರೆ, ಆ ಮದ್ದು ಬರ್ತದೆ ಅಂತ ಹೇಳಿ, ಆ ಧೈರ್ಯದಲ್ಲಾದರೂ ಕಣ್ಣು ಮುಚ್ಚುತ್ತೇನೆ’ ಎಂದಳು. ‘ಅದು ನನಗೆ ಗೊತ್ತಿಲ್ಲ. ಆದರೆ ನೀನು ಮಲಗುವವರೆಗೆ ನಾನೂ ಎದ್ದಿರುತ್ತೇನೆ’ ಎಂದರು ಮೇಷ್ಟ್ರು. ಈಗ ಬಸ್ಸಿನಲ್ಲಿ ತೂಕಡಿಸುವ ಅವರ ತಲೆ ತನ್ನ ಹೆಗಲಿಗೆ ಬಿದ್ದರೆ ಸುಭಾಷಿಣಿ ಅಲುಗದೆ ಕೂರುತ್ತಾಳೆ.