ಆಟದೊಳಗಿನ ಕಣ

“ನಿಂತ್ಕೊಳೇ, ರಾಶಿ ಮೇಲೆ ಮೆಟ್ಟು ಹಾಕ್ಕೊಂಡು ಓಡ್ತಿದೀಯಲ್ಲ” ಎಂದು ಅಜ್ಜಿ ನನ್ನ ಮೊಣಕೈ ಹಿಡಿದುಬಿಟ್ಟಳು. ನಾನು ಓಡುತ್ತಿದ್ದುದು ಕಂಪ್ಯೂಟರಿನೊಳಗೆ, ಆನ್‌ಲೈನ್ ಆಟವೊಂದರ ಹಳ್ಳಿಯಲ್ಲಿ.

ಅಂದು ಮಧ್ಯಾಹ್ನವಷ್ಟೇ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೆ. ಆಟದ ಗಾಳಿಗೆ ಹುಲ್ಲು ಅಲುಗುತ್ತಿತ್ತು, ಇಳಿಬಿಸಿಲಿನಲ್ಲಿ ಹೊಟ್ಟು ತೇಲುತ್ತಿತ್ತು. ಎರಡು ವರ್ಷ ಮರಳೆಂದುಕೊಂಡು ನಾನು ತುಳಿದಾಡಿದ್ದ ಹಳದಿ ಗುಡ್ಡೆಯಲ್ಲಿ ಈಗ ಒಂದೊಂದು ಕಾಳೂ ಬೇರೆಬೇರೆಯಾಗಿ ಹೊಳೆಯುತ್ತಿತ್ತು. ಅದು ಧಾನ್ಯದ ರಾಶಿ.

“ಅಜ್ಜಿ, ಇದು ಬರೀ ಆಟ” ಎಂದೆ.

“ಆಟ ಆದ್ರೇನು, ರಾಶಿ ರಾಶಿನೇ. ಬಿಚ್ಬುಡು.”

ಆಟದ ನನ್ನ ಪಾತ್ರದ ಬೂಟು ಬಿಚ್ಚಿ ಪಕ್ಕಕ್ಕಿಟ್ಟೆ. ಅಜ್ಜಿ ಹತ್ತಿರ ಬಂದು, ಕಾಳು ಮುಟ್ಟುವವಳಂತೆ ಪರದೆಯ ಮೇಲೆ ಬೆರಳಾಡಿಸಿದಳು. ನಮ್ಮೂರು ವಳ್ಳೂರಿನಲ್ಲಿ ನಾವು ರಾಗಿ ಒಕ್ಕುತ್ತಿದ್ದ ಕಣದ ಜಾಗದಲ್ಲಿ ಈಗ ಸೋಲಾರ್ ಫಲಕಗಳಿವೆ.

ಆ ಬೂಟು ಹಾಕಿದರೆ ಆಟದಲ್ಲಿ ಓಟದ ವೇಗ ಹೆಚ್ಚು. ಆದರೂ ಆ ಹಳ್ಳಿಗೆ ಹೋದಾಗಲೆಲ್ಲ ಬಿಚ್ಚಿಡುತ್ತೇನೆ. ಜೊತೆಗೆ ಆಡುವವರು, ಯಾವ ದೇಶದವರೋ ಏನೋ, ಯಾಕೆಂದು ಕೇಳಿದಾಗ ಅಜ್ಜಿ ಹೇಳಿದ್ದನ್ನೇ ಹೇಳಿದ್ದೆ. ಮೊನ್ನೆ ಹೋದಾಗ ನೋಡಿದರೆ, ನನಗಿಂತ ಮೊದಲೇ ರಾಶಿಯ ಪಕ್ಕ ಮೂರು ಜೊತೆ ಬೂಟುಗಳಿದ್ದವು.