ಪಹರೆಯವನ ಕೆಮ್ಮು

೨೦೦೫ರಲ್ಲಿ ನಾನು ಪುಣೆಯ ಒಂದು ಸಣ್ಣ ವಿಡಿಯೋ ಗೇಮ್ ಕಂಪನಿಯಲ್ಲಿ ಟೆಸ್ಟ್ ಲೀಡ್, ಅಂದರೆ ಆಟಗಳ ಪರೀಕ್ಷಕರ ಮುಖ್ಯಸ್ಥ ಆಗಿದ್ದೆ. ವರ್ಷ ಮತ್ತು ಹುದ್ದೆಗೆ ಹಳೆಯ ಗುರುತಿನ ಕಾರ್ಡಿನ ಆಧಾರವಿದೆ. ಉಳಿದದ್ದೆಲ್ಲ ನೆನಪು. ಈ ಪ್ರಸಂಗವನ್ನು ಹೊಸ ಹುಡುಗರಿಗೆ ತರಬೇತಿ ಕೊಡುವಾಗ ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಅದರ ಅಂಚುಗಳು ಸವೆದು ನುಣುಪಾಗಿವೆ, ನುಣುಪಾದಲ್ಲೆಲ್ಲ ನನಗೆ ಅನುಮಾನ. ಹಾಗಾಗಿ ಬರೆಯಲು ಕೂರುವ ಮೊದಲು ಆಗ ಜೊತೆಗಿದ್ದ ಮಂದಾರನಿಗೆ ಫೋನ್ ಮಾಡಿದೆ. ಅವನ ನೆನಪು ನನ್ನದಕ್ಕೆ ಹೊಂದದ ಕಡೆ ಹಾಗೆಂದೇ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಭೋಸರಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಅಲ್ಲಿ ರಂಧ್ರದ ಅಳತೆ ನೋಡಲು ಒಂದು ಗೇಜ್ ಇರುತ್ತಿತ್ತು. ಅದರ ಒಂದು ತುದಿ ರಂಧ್ರದೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹೋಯಿತೋ, ಮಾಲು ವಾಪಸ್. ಗೇಜು ಯಾರ ಮುಖವನ್ನೂ ನೋಡುವುದಿಲ್ಲ, ಯಾರ ಮನೆಯ ಚಹಾವನ್ನೂ ಕುಡಿದಿರುವುದಿಲ್ಲ. ಆಮೇಲೆ ಸಂಜೆ ಕೋರ್ಸು ಮಾಡಿ ಸಾಫ್ಟ್‌ವೇರ್ ಪರೀಕ್ಷೆಗೆ, ಅಲ್ಲಿಂದ ಗೇಮುಗಳಿಗೆ ಬಂದೆ. ಆಟಕ್ಕೆ ಗೇಜ್ ಇಲ್ಲ ಎಂಬುದು ಬಂದ ಮೇಲೆ ತಿಳಿಯಿತು.

ನಮ್ಮ ಮೊದಲ ಆಟ ಸಿ.ಡಿ. ಅಂಗಡಿಗಳಲ್ಲಿ ಪರವಾಗಿಲ್ಲ ಅನ್ನುವಷ್ಟು ಹೋಗಿತ್ತು. ಅದರ ಹೆಸರು ಇಲ್ಲಿ ಬೇಡ. ಆಫೀಸಿನಲ್ಲಿ ಅದನ್ನು ‘ಒಂದು’ ಎನ್ನುತ್ತಿದ್ದೆವು, ಅದರ ಮುಂದಿನ ಭಾಗವನ್ನು ‘ಎರಡು’. ಎರಡೂ ಸ್ಟೆಲ್ತ್ ಆಟಗಳು. ಅಂದರೆ ಕಾದಾಡಿ ಗೆಲ್ಲುವ ಆಟಗಳಲ್ಲ, ಅಡಗಿ, ಹೊಂಚಿ, ಯಾರ ಕಣ್ಣಿಗೂ ಬೀಳದೆ ದಾಟುವ ಆಟಗಳು. ‘ಎರಡು’ ಒಂದು ಹಳೆಯ ವಾಡೆಯಲ್ಲಿ, ಅಂದರೆ ನಡುವೆ ಅಂಗಳವಿರುವ ದೊಡ್ಡ ಮನೆಯಲ್ಲಿ, ನಡೆಯುತ್ತದೆ. ಒಳಗೆ ಸೆರೆಯಲ್ಲಿರುವ ತಮ್ಮನನ್ನು ಅಕ್ಕ ಬಿಡಿಸಿ ತರಬೇಕು. ಅಂಗಳದಲ್ಲಿ ಕಂದೀಲು ಹಿಡಿದ ಪಹರೆಯವರು ಸುತ್ತುತ್ತಾರೆ. ಆಡುವವರು ಆ ಅಕ್ಕನನ್ನು ಕಂಬದಿಂದ ಕಂಬಕ್ಕೆ, ನೆರಳಿನಿಂದ ನೆರಳಿಗೆ ದಾಟಿಸಬೇಕು.

ವಾಡೆಯನ್ನು ಕಟ್ಟಿದವನು ಮಂದಾರ, ನಮ್ಮ ಲೆವೆಲ್ ಡಿಸೈನರ್. ಆಟದ ಒಂದೊಂದು ಹಂತದ ಗೋಡೆ, ಬಾಗಿಲು, ಬೆಳಕು, ಕಾವಲು ಎಲ್ಲಿರಬೇಕೆಂದು ಗೊತ್ತುಮಾಡುವುದು ಅವನ ಕೆಲಸ. ‘ಒಂದು’ ಆಟದಲ್ಲಿ ಪರದೆಯ ಮೂಲೆಯಲ್ಲಿ ಒಂದು ಕಣ್ಣಿನ ಚಿತ್ರವಿತ್ತು. ನೀವು ಪಹರೆಯವನಿಗೆ ಕಂಡರೆ ಅದು ತೆರೆಯುತ್ತಿತ್ತು. ‘ಎರಡು’ ಆಟದಲ್ಲಿ ಮಂದಾರ ಅದನ್ನು ತೆಗೆದುಹಾಕಿದ. ಕಣ್ಣಿನ ಚಿತ್ರ ಇದ್ದರೆ ಜನ ಅದನ್ನೇ ನೋಡುತ್ತಾರೆ, ವಾಡೆಯನ್ನು ಯಾರೂ ನೋಡುವುದಿಲ್ಲ ಎಂದು ಅವನ ವಾದ. ಕಂಬದ ನೆರಳು ನೆಲದ ಮೇಲೆ ಬೀಳುವ ರೀತಿಗೇ ಅವನು ಒಂದು ಮಳೆಗಾಲ ಖರ್ಚು ಮಾಡಿದ್ದ.

ಆಟಕ್ಕೆ ಬಂಡವಾಳ ಹಾಕಿ ಮಾರುವವರು ಮುಂಬೈಯ ಒಬ್ಬ ಪ್ರಕಾಶಕರು. ನಾವೆಲ್ಲ ಅವರನ್ನು ಶೇಠ್ ಎನ್ನುತ್ತಿದ್ದೆವು. ಅರ್ಧ ಆಗಿದ್ದ ಆಟವನ್ನು ಒಮ್ಮೆ ನೋಡಿ ಅವರು, ಈ ಅಡಗುವುದು ಬಹಳ ನಿಧಾನ, ಆ ಹುಡುಗಿಯ ಕೈಗೆ ಒಂದು ಕತ್ತಿ ಕೊಡಿ, ಸಿಕ್ಕವರನ್ನು ಕಡಿಯುತ್ತ ಹೋಗಲಿ ಎಂದರು. ನಮ್ಮ ಡೈರೆಕ್ಟರ್ ಸಮಯ ಕೇಳಿದರು. ಸರಿ, ಮೊದಲು ಆಡಿದವರು ಏನನ್ನುತ್ತಾರೋ ನನಗೆ ತೋರಿಸಿ, ನಾನೇ ಬಂದು ನಿರ್ಧಾರ ಮಾಡುತ್ತೇನೆ ಎಂದು ಶೇಠ್ ಒಪ್ಪಿದರು. ಕತ್ತಿ ಬಂದರೆ ಮಂದಾರನ ವಾಡೆಗೆ ಅರ್ಥವಿಲ್ಲ. ಕಂಬ ಕಿತ್ತು, ನೆರಳು ಅಳಿಸಿ, ಅಂಗಳವನ್ನು ಅಖಾಡ ಮಾಡಬೇಕು. ಹಾಗಾದರೆ ತಾನು ಚಾಕಣದಲ್ಲಿ ಮಾವನ ವರ್ಕ್‌ಶಾಪಿಗೆ ಹೋಗಿ ಕೂರುತ್ತೇನೆ, ಗೇಮು ಸಾಕು ಎಂದು ಅವನು ನನಗೆ ಹೇಳಿದ್ದ. ಬೆದರಿಕೆಯ ದನಿಯಲ್ಲಿ ಹೇಳಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಹೊರಗಿನವರನ್ನು ಕರೆದು ಆಡಿಸಿ ನೋಡುವುದಕ್ಕೆ ಪ್ಲೇಟೆಸ್ಟ್ ಎನ್ನುತ್ತಾರೆ. ಅದಕ್ಕೆ ಬೇರೆ ಏರ್ಪಾಡಿರಲಿಲ್ಲ, ನಿಮ್ಮ ನಿಮ್ಮ ಪರಿಚಯದವರನ್ನು ಕರೆಯಿರಿ ಎಂದು ಡೈರೆಕ್ಟರ್ ಹೇಳಿದರು. ನಮ್ಮ ಕಡೆಯವರು ಬಂದರು, ಮಂದಾರನ ಗೆಳೆಯರು ಬಂದರು. ಚಹಾ, ಚುರಮುರಿ ಆಯಿತು. ಎಲ್ಲರೂ ಆಡಿದರು. ಎಲ್ಲರೂ ಛಲೋ ಅದ ಎಂದರು. ವಾಡೆಯ ಹೆಬ್ಬಾಗಿಲಿನೊಳಗಿನ ಸಣ್ಣ ದಿಂಡೀ ಬಾಗಿಲನ್ನೇ ದಾಟಲಾರದೆ ಮತ್ತೆ ಮತ್ತೆ ಸಿಕ್ಕಿಬಿದ್ದ ನಮ್ಮ ದೂರದ ಸೋದರಮಾವ ಒಬ್ಬರು ನನ್ನ ಬೆನ್ನು ತಟ್ಟಿ, “ಭಾಳ ಛಲೋ ಮಾಡೀರಪಾ, ಹಿಂಗ ಮುಂದ ಬರ್ರಿ” ಎಂದು ಹರಸಿ ಹೋದರು. ಉಂಡ ಮನೆಯಲ್ಲಿ ಉಪ್ಪು ಹೆಚ್ಚಾಯಿತೆಂದು ಯಾರು ಹೇಳುತ್ತಾರೆ? ಈ ಅಭಿಪ್ರಾಯಗಳನ್ನು ಫೋನಿನಲ್ಲಿ ಕೇಳಿದ ಶೇಠ್, ಎಲ್ಲರೂ ಚೆನ್ನಾಗಿದೆ ಅಂದರೆ ಯಾರೂ ಆಡಿಲ್ಲ ಎಂದರ್ಥ ಎಂದರು. ಆ ಮಾತಿನಲ್ಲಿ ಅವರದೇ ಸರಿ.

ನಮ್ಮ ಆಫೀಸು ಕಾತ್ರಜದ ಹತ್ತಿರ, ಸಾತಾರಾ ರಸ್ತೆಯ ಮೇಲೆ, ಮೊದಲ ಮಹಡಿಯಲ್ಲಿತ್ತು. ಕೆಳಗೆ ಸಂಗಣ್ಣನ ಟ್ರಾವೆಲ್ಸ್. ಸಂಗಣ್ಣ ಇಂಡಿ ಕಡೆಯವನು. ಹುಬ್ಬಳ್ಳಿ, ಬೆಂಗಳೂರು, ಕಲಬುರ್ಗಿ ಬಸ್ಸುಗಳಿಗೆ ಸೀಟು ಮಾಡಿಕೊಡುತ್ತಿದ್ದ. ಸಂಜೆಯಾದರೆ ಅವನ ಆಫೀಸಿನ ಬೆಂಚುಗಳ ಮೇಲೆ ಬ್ಯಾಗು, ಕೂಸು, ಬುತ್ತಿಗಂಟಿನ ಜೊತೆ ಜನ ಕೂತಿರುತ್ತಿದ್ದರು. ಬಸ್ಸು ಎಂದೂ ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಆ ಜನರಿಗೆ ಆಡಿಸೋಣ ಎಂದು ಮೊದಲು ಹೇಳಿದವನು ನಾನು ಎಂದು ನನ್ನ ನೆನಪು. ತಾನು ಎಂದು ಮಂದಾರನದು. ಸಂಗಣ್ಣನನ್ನು ಕೇಳಿದರೆ ಖಂಡಿತ ತಾನೇ ಅನ್ನುತ್ತಾನೆ.

ಅವನು ನನಗೆ ಒಂದೇ ಒಂದು ಶರತ್ತು ಹಾಕಿ ಒಪ್ಪಿದ. “ಬಸ್ ಬಂದಾಗ ಯಾಂವರೆ ಕುರ್ಚಿ ಬಿಟ್ಟು ಏಳಲಿಲ್ಲಂದ್ರ ನಿಮ್ಮ ಕಂಪ್ಯೂಟರನೂ ಡಿಕ್ಕಿಯಾಗ ಹಾಕಿ ಹುಬ್ಬಳ್ಳಿಗೆ ಕಳಸ್ತೀನಿ ನೋಡ್ರಿ ಪಾಟೀಲ್ರ.”

ಅವನ ಮೇಜಿನ ಪಕ್ಕದಲ್ಲಿ ಒಂದು ಕಂಪ್ಯೂಟರ್ ಇಟ್ಟೆವು. ಆಟ ನಮ್ಮದೆಂದು ಯಾರಿಗೂ ಹೇಳಲಿಲ್ಲ. ನಾನೂ ಮಂದಾರನೂ ಪ್ರಯಾಣಿಕರ ಹಾಗೆ ಬೆಂಚಿನ ಮೇಲೆ ಕೂತೆವು. ಮೊದಲು ಆಡಿದವನು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ. ನಾನು ಸುಮ್ಮನೆ ಮಾತಿಗೆಳೆದು ಹೇಗಿದೆ ಎಂದೆ. “ಗ್ರಾಫಿಕ್ಸ್ ಸೂಪರಾಗಿದೆ ಸಾರ್” ಎಂದ. ಅವನಾದ ಮೇಲೆ, ಹುಬ್ಬಳ್ಳಿಗೆ ಹೊರಟಿದ್ದ ಒಬ್ಬ ಹೆಂಗಸು ಕೂತರು. ಬ್ಯಾಂಕಿನಲ್ಲಿ ಕ್ಲಾರ್ಕ್ ಅಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೀಬೋರ್ಡನ್ನು ಹತ್ತಿರ ಎಳೆದುಕೊಂಡು ಆಡಿದರು. ಅವರನ್ನೂ ಕೇಳಿದೆ. “ಛಲೋ ಅದರಿ. ಹುಡುಗ್ರಿಗೆ ಸೇರ್ತದ” ಎಂದರು. ಅಪರಿಚಿತರೂ ಮರ್ಯಾದಸ್ಥರೇ. ಮಂದಾರ ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ.

ಆಗ ಸಂಗಣ್ಣ ಕೆಮ್ಮಿದ. ಬಸ್ಸಿನ ಹೆಸರು ಕೂಗುವ ಮೊದಲು ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವನು ಕೆಮ್ಮಿದ ಕೂಡಲೇ ಬೆಂಚಿನ ಮೇಲಿದ್ದವರು ಚಪ್ಪಲಿ ಹುಡುಕಲು ಶುರುಮಾಡುತ್ತಿದ್ದರು. ಹೆಸರು ಕೂಗುವ ಹೊತ್ತಿಗೆ ಅರ್ಧ ಜನ ನಿಂತಿರುತ್ತಿದ್ದರು. ಹುಬ್ಬಳ್ಳಿ ಗಾಡಿ ಬಂದಿತ್ತು. ಆ ಹೆಂಗಸು ಎದ್ದರು. ಹಿಂದೆ ನಿಂತು ನೋಡುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಆ ಕುರ್ಚಿಯಲ್ಲಿ ಕೂತಳು. ರೈಲಿನಲ್ಲಿ ಸೀಟು ಬಿಟ್ಟುಕೊಡುವವರು, ಕಿಟಕಿ ಬಾಗಿಲು ಜಾರ್ತದ, ಕೈ ಹುಷಾರು ಎಂದು ಹೇಳಿ ಇಳಿಯುತ್ತಾರಲ್ಲ, ಹಾಗೆ ಆ ಹೆಂಗಸು ಬ್ಯಾಗನ್ನು ಹೆಗಲಿಗೆ ಹಾಕಿಕೊಳ್ಳುತ್ತ ಹುಡುಗಿಗೆ ಹೇಳಿದರು:

“ನೋಡವಾ, ಅಡಗಿ ಕೂಡೂದು ಭಾಳ ಮಜಾ ಅದ. ತುಳಸಿಕಟ್ಟಿ ಹಿಂದ ಕೂತ್ಕೋ, ಎದಿ ಡವಡವ ಅಂತದ. ಆದ್ರ ಈ ಪಹರೇದವ ಶುದ್ಧ ಮೋಸಗಾರ. ನೋಡೀನಿ ಅಂತ ಹೇಳೂದಿಲ್ಲ, ಏನಿಲ್ಲ. ಏಕದಂ ಬಂದು ಹಿಡೀತಾನ.”

ಹೇಳಿ ಬಸ್ಸು ಹತ್ತಿದರು. ನನ್ನ ಪಾಲಿಗೆ ಆ ಸಂಜೆಯ ಪ್ಲೇಟೆಸ್ಟ್ ಆಗ ಶುರುವಾಯಿತು. ಹೇಗಿದೆ ಎಂದು ಕೇಳುವುದನ್ನು ನಿಲ್ಲಿಸಿಬಿಟ್ಟೆ. ಒಬ್ಬರು ಎದ್ದು ಇನ್ನೊಬ್ಬರು ಕೂರುವ ಆ ಅರೆಗಳಿಗೆಯನ್ನಷ್ಟೇ ಕಿವಿಗೊಟ್ಟು ಕೇಳಿದೆ. ಮುಂದಿನ ಸಂಜೆಗಳಲ್ಲೂ ಅದೇ. ಬಸ್ಸು ಹೊರಟಿರುವಾಗ ಯಾರಿಗೂ ಸಭ್ಯತೆಗೆ ಪುರುಸೊತ್ತಿಲ್ಲ. ಮುಂದೆ ಕೂರುವವರು ತಮ್ಮ ಹಾಗೆ ಪೆಟ್ಟು ತಿನ್ನದಿರಲಿ ಎಂಬ ಕಾಳಜಿ ಮಾತ್ರ ಇರುತ್ತದೆ. ಎಡಕ್ಕೆ ಹೋಗಬ್ಯಾಡ. ಬಾವಿ ಕಡೆ ಬರೇ ಕತ್ತಲಿ ಕಾಣಸ್ತದ, ಖರೇ ಕತ್ತಲಿ ಅಲ್ಲ. ಅವರೆಲ್ಲರ ಮಾತು ಸುತ್ತಿ ಬಳಸಿ ಒಂದೇ ಕಡೆ ಬರುತ್ತಿತ್ತು: ಕಾದು ಕೂರುವುದು ಯಾರಿಗೂ ಬೇಸರ ತಂದಿರಲಿಲ್ಲ. ಪಹರೆಯವನಿಗೆ ಕಂಡೆವೋ ಇಲ್ಲವೋ ತಿಳಿಯದೆ ಸಿಕ್ಕಿಬೀಳುವುದು ಬೇಸರ ತಂದಿತ್ತು.

ಮಂದಾರನಿಗೆ ಇದು ನೋವಿನ ಮಾತು. ಕಣ್ಣಿನ ಚಿತ್ರವನ್ನು ಮತ್ತೆ ಮೂಲೆಗೆ ಹಾಕಬೇಕೇ ಎಂದು ಕೇಳಿದ. ಇಬ್ಬರೂ ಸಂಗಣ್ಣನ ಬೆಂಚಿನ ಮೇಲೆ ಕೂತಿದ್ದೆವು. ಸಂಗಣ್ಣ ಕೆಮ್ಮಿದ. ಸುತ್ತ ಜನ ಏಳತೊಡಗಿದರು. ಮಂದಾರನೂ ಎದ್ದ. ಅವನಿಗೆ ಯಾವ ಬಸ್ಸೂ ಹಿಡಿಯುವುದಿರಲಿಲ್ಲ. ನಿಂತವನು ಹಾಗೇ ನಿಂತುಬಿಟ್ಟ.

ಈ ಕ್ಷಣವನ್ನು ನಾನು ತುಂಬ ಚೆಂದವಾಗಿ ಹೇಳುತ್ತ ಬಂದಿದ್ದೇನೆ. ಹಾಗೇನೂ ಆಗಲಿಲ್ಲ, ಮಾರನೆಯ ದಿನ ಊಟ ಮಾಡುವಾಗ ಹೊಳೆಯಿತು ಎನ್ನುತ್ತಾನೆ ಮಂದಾರ. ಇರಬಹುದು. ಹೊಳೆದದ್ದೇನು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಲ್ಲಿ ಭೇದವಿಲ್ಲ. ಅವನ ಅಜ್ಜ ಮನೆಯೊಳಗೆ ಬರುವ ಮೊದಲು ಹೊಸ್ತಿಲ ಹೊರಗೆ ನಿಂತು ಕೆಮ್ಮುತ್ತಿದ್ದರಂತೆ. ನನ್ನ ಅಜ್ಜನೂ ಹಾಗೇ. ಒಳಗಿನ ಹೆಂಗಸರಿಗೆ ಸೆರಗು ಸರಿಮಾಡಿಕೊಳ್ಳಲು, ಮಾತು ಬದಲಿಸಲು, ಮಕ್ಕಳಿಗೆ ಕದ್ದ ಬೆಲ್ಲ ನುಂಗಲು ಅಷ್ಟು ಹೊತ್ತು ಸಿಗುತ್ತಿತ್ತು. ವಾಡೆಯ ಪಹರೆಯವನೂ ಅಂಥದೇ ಮನೆಯಲ್ಲಿ ಬೆಳೆದವನಲ್ಲವೇ? ಅನುಮಾನ ಬಂದರೆ ಅವನು ನಿಲ್ಲಲಿ, ಕೆಮ್ಮಲಿ, ಕಂದೀಲು ಎತ್ತಲಿ. ಅಷ್ಟರಲ್ಲಿ ಆಡುವವರು ಹಿಂದಕ್ಕೆ ಸರಿದರೆ ಬಚಾವು. ಸರಿಯದಿದ್ದರೆ ತಪ್ಪು ಪಹರೆಯವನದಲ್ಲ.

ಕೆಮ್ಮನ್ನು ಸಂಗಣ್ಣನಿಂದಲೇ ರೆಕಾರ್ಡ್ ಮಾಡಿದೆವು. ಮೈಕಿನ ಎದುರು ಅವನಿಗೆ ಕೆಮ್ಮೇ ಬರಲಿಲ್ಲ. “ಸುಮ್‌ಸುಮ್ಕ ಹ್ಯಾಂಗ ಕೆಮ್ಮಲಿ? ಬಸ್ ಬರಬೇಕಲ್ಲ” ಎಂದ. ಕೊನೆಗೆ ಮೈಕನ್ನೇ ಅವನ ಮೇಜಿನ ಮೇಲಿಟ್ಟು ಕಲಬುರ್ಗಿ ಗಾಡಿಗಾಗಿ ಕಾದೆವು.

ಶೇಠ್ ಬಂದದ್ದು ಸೋಮವಾರ. ಆಫೀಸಿನಲ್ಲಿ ನಮ್ಮ ಮಾತು ಕೇಳಿದರು. ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಚೀಲದಿಂದ ಕತ್ತಿಯ ಚಿತ್ರಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಯಾರೋ ಆಗಲೇ ಬರೆದುಕೊಟ್ಟಿದ್ದರು. ಮಂದಾರ ಅವುಗಳನ್ನು ಒಂದೊಂದಾಗಿ ನೋಡಿ ಜೋಡಿಸಿ ಇಟ್ಟ. ನಾನು, ಕೆಳಗೆ ಹೋಗಿ ಒಮ್ಮೆ ಆಡಿ ನೋಡಿ ಎಂದೆ.

ಸಂಗಣ್ಣನ ಆಫೀಸು ತುಂಬಿತ್ತು. ಶೇಠ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆಡಿದರು. ಸಿಕ್ಕಿಬಿದ್ದರು. ಮತ್ತೆ ಆಡಿದರು. ಮೂರನೆಯದೋ ನಾಲ್ಕನೆಯದೋ ಸಲ, ಪಹರೆಯವನು ಕೆಮ್ಮಿದಾಗ, ಅವರ ಹೆಗಲು ತಾನಾಗಿ ಒಳಕ್ಕೆ ಸರಿದದ್ದನ್ನು ನಾನು ಕಂಡೆ. ಕಂದೀಲು ಕಂಬದ ಆಚೆ ಹೋಯಿತು. ಅವರು ಉಸಿರು ಬಿಟ್ಟರು.

ತರಬೇತಿಯಲ್ಲಿ ಹೇಳುವಾಗ, ಅದೇ ಹೊತ್ತಿಗೆ ಅವರ ಮೊಬೈಲು ರಿಂಗಾಯಿತು, ಎದ್ದರು ಎನ್ನುತ್ತೇನೆ. ಮೊಬೈಲು ರಿಂಗಾಗಲಿಲ್ಲ. ಕೆಮ್ಮಿದ್ದು ಸಂಗಣ್ಣ, ನಿಜವಾದ ಸಂಗಣ್ಣ. ಆಫೀಸಿನಲ್ಲಿದ್ದ ಎಲ್ಲರೂ ಎದ್ದರು, ಅವರ ಜೊತೆ ಶೇಠ್ ಕೂಡ ಎದ್ದುಬಿಟ್ಟರು. ಆ ಗದ್ದಲದಲ್ಲಿ, ಕಲಬುರ್ಗಿ ಗಾಡಿಗೆ ಇನ್ನೂ ಹೊತ್ತಿದ್ದ ಶರಣಪ್ಪ ಎಂಬ ಕಟ್ಟಡ ಕೆಲಸದ ಗೌಂಡಿ, ಬಹಳ ಹೊತ್ತಿನಿಂದ ಹಿಂದೆ ನಿಂತು ನೋಡುತ್ತಿದ್ದವನು, ಖಾಲಿಯಾದ ಕುರ್ಚಿಯಲ್ಲಿ ಕೂತ. ಶೇಠ್ ಎಂದರೆ ಯಾರೆಂದು ಅವನಿಗೇನು ಗೊತ್ತು. ಕೀಲಿ ಒತ್ತಿ ಅಕ್ಕನನ್ನು ನೇರ ಅಂಗಳಕ್ಕೆ ಓಡಿಸಹೊರಟ.

ಶೇಠ್ ಅವನ ಹೆಗಲ ಮೇಲೆ ಕೈ ಇಟ್ಟರು. “ರುಕೋ, ರುಕೋ. ಅಭೀ ನಹೀಂ. ಪೆಹಲೇ ಉಸಕೋ ಖಾಂಸನೇ ದೋ.” ತಡಿ, ಈಗಲೇ ಬೇಡ, ಮೊದಲು ಅವನು ಕೆಮ್ಮಲಿ.

“ಹಾಂ ಸೇಠ್” ಎಂದು, ಕಂಡ ಯಜಮಾನರಿಗೆಲ್ಲ ಅನ್ನುವ ಹಾಗೇ ಅಂದು, ಶರಣಪ್ಪ ಕಂಬದ ಹಿಂದೆ ಕಾದ. ಶೇಠ್ ಅವನ ಕುರ್ಚಿಯ ಹಿಂದೆ ಬಾಗಿ ನಿಂತು ಕಾದರು. ಕಾದು ಕೂರುವುದು ನಿಧಾನ ಎಂದವರು ಅವರೇ. ಮಂದಾರ ರಸ್ತೆಯ ಕಡೆ ತಿರುಗಿ ನಿಂತಿದ್ದ, ಅವನ ಮುಖ ನನಗೆ ಕಾಣಲಿಲ್ಲ. ನಕ್ಕಿದ್ದೆ ಎನ್ನುತ್ತಾನೆ ಈಗ.

ಕತ್ತಿಯ ಚಿತ್ರಗಳನ್ನು ಶೇಠ್ ನಮ್ಮ ಮೇಜಿನ ಮೇಲೇ ಬಿಟ್ಟು ಹೋದರು. ವಾಡೆ ಉಳಿಯಿತು, ಮಂದಾರ ಉಳಿದ. ‘ಎರಡು’ ಮಾರುಕಟ್ಟೆಗೆ ಬಂದು ‘ಒಂದು’ ಆಟಕ್ಕಿಂತ ಚೆನ್ನಾಗಿ ಹೋಯಿತು. ಸಂಗಣ್ಣ ಅದರ ಡಬ್ಬಿಯನ್ನು ತನ್ನ ಮೇಜಿನ ಮೇಲೆ ದೇವರ ಫೋಟೋದ ಪಕ್ಕದಲ್ಲಿ ನಿಲ್ಲಿಸಿದ. ಸೀಟು ಕೇಳಲು ಬಂದವರಿಗೆಲ್ಲ, “ಅದರಾಗ ಕೆಮ್ಮಾಂವ ನಾನರಿ” ಎಂದು ಹೇಳಿಯೇ ಟಿಕೆಟ್ ಹರಿಯುತ್ತಿದ್ದ.

ಆಮೇಲೆ ನಾನು ಬೇರೆ ಬೇರೆ ಕಡೆ ಕೆಲಸ ಮಾಡಿದೆ, ಆಸ್ಪತ್ರೆಯ ಸಾಫ್ಟ್‌ವೇರು, ಬ್ಯಾಂಕಿನ ಯಂತ್ರ ಎಲ್ಲವನ್ನೂ ಪರೀಕ್ಷಿಸಿದೆ. ಭೋಸರಿಯಲ್ಲಿ ಬಿಟ್ಟುಬಂದ ಗೇಜಿಗೆ ಬದಲು ಕಾತ್ರಜದಲ್ಲಿ ನನಗೆ ಒಂದು ಕುರ್ಚಿ ಸಿಕ್ಕಿತ್ತು. ಎಲ್ಲಿ ಹೋದರೂ ನಾನು ಅದನ್ನೇ ಬಳಸಿದೆ. ಒಬ್ಬರನ್ನು ಕೂರಿಸುತ್ತೇನೆ, ಹಿಂದೆ ಇನ್ನೊಬ್ಬರನ್ನು ನಿಲ್ಲಿಸುತ್ತೇನೆ. ಹೇಗಿದೆ ಎಂದು ಕೇಳುವುದಿಲ್ಲ. ಏಳುವ ಹೊತ್ತು ಬಂದಾಗ ದೂರ ನಿಂತು ಒಮ್ಮೆ ಕೆಮ್ಮುತ್ತೇನೆ.